ಗೋಡೆಯಾಚೆಯ ಕರಾರು

೪ ಮಾರ್ಚ್ ೨೦೨೪, ಸೋಮವಾರ

ನೋಟಿಸು ಬಂತು. ಅಂಚೆಯವನು ನನ್ನ ಪೆನ್ನಿನಲ್ಲೇ ಸಹಿ ಹಾಕಿಸಿಕೊಂಡ, ಹೋಗುವಾಗ ಪೆನ್ನನ್ನೂ ಜೇಬಿಗಿಳಿಸಿಕೊಂಡ.

"ಆಕ್ಸ್‌ಗೇಟ್ ಬೀದಿಯ ಹದಿನಾಲ್ಕನೇ ನಂಬರಿನಲ್ಲಿ ಕಬ್ಬಿಣದ ಸಾಮಾನು ಮಾರುವ ಆರ್ನಲ್ಡ್ ಸಟ್‌ಕ್ಲಿಫ್ ಎಂಬ ಬಾಡಿಗೆದಾರ"ನಿಗೆ, ಅಂದರೆ ನನಗೆ, ಬರುವ ಸೆಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ ಬಾಡಿಗೆ ಕೊನೆಯಂತೆ. ಹೊಸ ಕರಾರು ಕೊಡುವುದಿಲ್ಲವಂತೆ. ಕಟ್ಟಡ ಒಡೆದು ಮೇಲೂ ಕೆಳಗೂ ಫ್ಲ್ಯಾಟು ಕಟ್ಟುತ್ತಾರಂತೆ. ಕೆಳಗೆ ಕ್ರಿಸ್ಪಿನ್ ಹಾಲ್ಡ್‌ಸ್ವರ್ತ್ ಎಂಬ ಸಹಿ. ಹಳೆಯ ಮಾಲೀಕ ಎಡ್ಗರ್ ಹಾಲ್ಡ್‌ಸ್ವರ್ತ್ ಸತ್ತು ಇನ್ನೂ ವರ್ಷ ತುಂಬಿಲ್ಲ, ತಮ್ಮನ ಮಗ ಆಗಲೇ ಮಾಲೀಕನ ಗತ್ತು ತೋರಿಸುತ್ತಿದ್ದಾನೆ. ಎಡ್ಗರ್ ಇದ್ದಾಗ ಎಲ್ಲ ಮಾತುಕತೆಯೂ ಒಂದು ಕಪ್ ಚಹಾದಲ್ಲಿ ಮುಗಿಯುತ್ತಿತ್ತು. ಕಾಗದಪತ್ರ ಹಿಂದಿನಿಂದ ಕುಂಟುತ್ತ ಬರುತ್ತಿತ್ತು.

ಹೋದ ವಾರವಷ್ಟೇ ಇದೇ ಪುಸ್ತಕದಲ್ಲಿ ಬರೆದಿದ್ದೇನೆ: ಮಂಡಿ ನೋವು, ತೇವದ ಗೋಡೆ, ಗಿರಾಕಿಗಳ ಕಾಟ, ಈ ಅಂಗಡಿ ಸಾಕಪ್ಪಾ ಸಾಕು ಎಂದು. ಅದು ಬೇರೆ. ನಾನಾಗಿ ಬಿಡುವುದು ಬೇರೆ, ಇವನು ಬಿಡಿಸುವುದು ಬೇರೆ. ಮೂವತ್ತೆಂಟು ವರ್ಷ ಇಲ್ಲಿ ಬೇರು ಬಿಟ್ಟಿದ್ದೇನೆ. ನನ್ನದು ಕಾನೂನಿನ ರಕ್ಷಣೆ ಇರುವ ಬಾಡಿಗೆ. ಬರಲಿ, ನೋಡೋಣ.

೫ ಮಾರ್ಚ್, ಮಂಗಳವಾರ

ಹಿತ್ತಲಿನ ನಲ್ಲಿಯ ಹತ್ತಿರ ಮಿಸೆಸ್ ಪ್ರೋಬರ್ಟ್ ಸಿಕ್ಕಳು. ಪಕ್ಕದ ಹದಿನಾರನೇ ನಂಬರಿನಲ್ಲಿ, ಅದೂ ಹಾಲ್ಡ್‌ಸ್ವರ್ತ್ ಕಟ್ಟಡವೇ, ಚಹಾದಂಗಡಿ ಇಟ್ಟಿರುವ ವೇಲ್ಸಿನ ವಿಧವೆ. ಹತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಒಂದು ಇಟ್ಟಿಗೆಯ ಗೋಡೆ ಇದೆ, ಒಂದು ಜಗಳ ಇದೆ. ನಾನು ಕೀಲಿಕೈ ಕೊರೆಯುವ ಮಷೀನು ಹಾಕಿದರೆ ಸಾಕು, ಆ ಕಡೆಯಿಂದ ಲಟ್ಟಣಿಗೆಯಲ್ಲಿ ಗೋಡೆಗೆ ಧಡ್ ಧಡ್ ಎಂದು ಎರಡೇಟು. ಅವಳ ಗಿರಾಕಿಗಳ ಮಾತು ಕೆಡುತ್ತದಂತೆ. ಮಾತೇನು ಮಹಾ, ಹವೆಯ ವಿಷಯ.

"ನೋಟಿಸು ಬಂತಂತೆ ಸಟ್‌ಕ್ಲಿಫ್ ಅವ್ರೇ?"

"ಬಂತು. ನಿಮಗೆ?"

"ನನಗ್ಯಾಕೆ ಬರುತ್ತೆ? ನನ್ನ ಹತ್ತು ವರ್ಷ ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಮುಗಿಯುತ್ತೆ. ಮುಗಿದ್ರೆ ಮುಗೀತು. ನನ್ನನ್ನ ಕಳಿಸೋಕೆ ಒಂದು ಅಂಚೆ ಚೀಟಿನೂ ದಂಡ."

ಪಾಪ, ಅವಳದು ರಕ್ಷಣೆ ಇಲ್ಲದ ಬಾಡಿಗೆ. ನಾನು ಸ್ವಲ್ಪ ಬೀಗಿದೆ ಎಂದೇ ಇಟ್ಟುಕೊಳ್ಳಿ. "ನಾನಾಗಿದ್ರೆ ಅಂಥಾ ಕರಾರಿಗೆ ಸಹಿ ಹಾಕ್ತಿರಲಿಲ್ಲ ಬಿಡಿ" ಎಂದೆ.

"ವಕೀಲರ ಮುಂದೆ ನಿಂತು ಪ್ರಮಾಣ ಮಾಡಿದೀನ್ರೀ. ನನಗೆ ಯಾವ ರಕ್ಷಣೆನೂ ಇಲ್ಲ ಅಂತ ಗೊತ್ತು, ಏನೇ ಆದ್ರೂ ಒಪ್ಕೊಳ್ತೀನಿ ಅಂತ."

"ಓದ್ಕೊಂಡು ಮಾಡಿದ್ರೋ, ಸುಮ್ನೆ ಮಾಡಿದ್ರೋ?"

"ಮದುವೆ ದಿನ ಮಾಡಿದ ಪ್ರಮಾಣಕ್ಕಿಂತ ಗಮನ ಇಟ್ಟು ಓದಿದೆ."

ನಾಲ್ಕು ಗಂಟೆಗೆ ಎಂದಿನಂತೆ ಹಿತ್ತಲಲ್ಲಿ ನನ್ನ ಕಸದ ಡಬ್ಬಿಯ ಮುಚ್ಚಳದ ಮೇಲೆ ತಟ್ಟೆ ಇತ್ತು. ಅವಳ ಅಂಗಡಿಯಲ್ಲಿ ಉಳಿದ ವೇಲ್ಸ್ ಬಿಲ್ಲೆಗಳು, ಕಾವಲಿಯ ಮೇಲೆ ಸುಟ್ಟು ಒಣದ್ರಾಕ್ಷಿ ಹಾಕಿದ್ದು, ಮೂರು. ತಟ್ಟೆ ತೊಳೆದು ಬೆಳಿಗ್ಗೆ ಅವಳ ಡಬ್ಬಿಯ ಮೇಲಿಡುತ್ತೇನೆ. ಹತ್ತು ವರ್ಷದಲ್ಲಿ ಇದರ ಬಗ್ಗೆ ಇಬ್ಬರೂ ಚಕಾರ ಎತ್ತಿಲ್ಲ. ಎತ್ತಬೇಕಾದ್ದೂ ಇಲ್ಲ. ಉಳಿದದ್ದನ್ನು ಎಸೆಯುವ ಬದಲು ಕೊಡುತ್ತಾಳೆ, ಅಷ್ಟೆ. ಇವತ್ತಿನದು ಸ್ವಲ್ಪ ಗಟ್ಟಿ.

೧೨ ಮಾರ್ಚ್, ಮಂಗಳವಾರ

ವಕೀಲೆ ಮಿಸ್ ಹೆಪ್‌ವರ್ತ್ ನನ್ನ ಮೊಮ್ಮಗಳ ವಯಸ್ಸಿನವಳು, ನನಗೆ ಮೊಮ್ಮಗಳಿದ್ದಿದ್ದರೆ. ಆದರೆ ಬುದ್ಧಿ ಚುರುಕು. ಆಕೆ ಹೇಳಿದ್ದು ಕೇಳಿ ಬೆನ್ನು ನೆಟ್ಟಗಾಯಿತು.

ರಕ್ಷಣೆ ಇರುವ ಬಾಡಿಗೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಅವಧಿ ಮುಗಿದರೂ ತನ್ನ ಪಾಡಿಗೆ ಉಸಿರಾಡುತ್ತಿರುತ್ತದೆ. ಅದನ್ನು ಸಾಯಿಸಲು ಮಾಲೀಕ ಆರು ತಿಂಗಳಿಗೆ ಕಮ್ಮಿಯಿಲ್ಲದ, ವರ್ಷಕ್ಕೆ ಹೆಚ್ಚಿಲ್ಲದ ನೋಟಿಸು ಕೊಡಬೇಕು, ಕಾನೂನು ಒಪ್ಪುವ ಕಾರಣ ಹೇಳಬೇಕು. ನೋಟಿಸಿನ ತಾರೀಖಿನೊಳಗೆ ನಾನು ಕೋರ್ಟಿಗೆ ಹೋದರೆ ಆ ಕಾರಣ ನಿಜವೆಂದು ಅವನು ಅಲ್ಲಿ ರುಜುವಾತು ಮಾಡಬೇಕು. ಒಡೆಯುತ್ತೇನೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಪರವಾನಗಿ ಎಲ್ಲಿ, ನಕ್ಷೆ ಎಲ್ಲಿ, ಗಟ್ಟಿ ಮನಸ್ಸು ಎಲ್ಲಿ ಎಂದು ನ್ಯಾಯಾಧೀಶರು ಕೇಳುತ್ತಾರೆ.

"ರಕ್ಷಣೆ ಇಲ್ಲದ ಬಾಡಿಗೆಯಾದ್ರೆ?" ಎಂದು ಕೇಳಿದೆ. ಸುಮ್ಮನೆ ಕುತೂಹಲಕ್ಕೆ.

"ಅದಕ್ಕೆ ಏನೂ ಬೇಡ ಸರ್. ಕ್ಯಾಲೆಂಡರ್ ಹಾಳೆ ಹರಿದ ಹಾಗೆ. ತಾರೀಖು ಬಂತು, ಮುಗೀತು."

"ಅಷ್ಟು ದಿನ ಇದ್ದವರಿಗೆ ಒಂದು ಮಾತೂ ಹೇಳೋದು ಬೇಡ್ವಾ?"

"ಮೊದಲೇ ಹೇಳಿರ್ತಾರಲ್ಲ. ಅದಕ್ಕೇ ಪ್ರಮಾಣ ಮಾಡಿಸೋದು."

ವಾಪಸು ಬರುವಾಗ ಎದೆ ಉಬ್ಬಿಸಿಕೊಂಡೇ ಬಂದೆ. ಮಷೀನು ಹಾಕಿ ಅವಶ್ಯಕತೆ ಇಲ್ಲದ ಎರಡು ಕೀಲಿಕೈ ಕೊರೆದೆ. ಧಡ್ ಧಡ್.

೯ ಏಪ್ರಿಲ್, ಮಂಗಳವಾರ

ಕ್ರಿಸ್ಪಿನ್ ಟೇಪು ಹಿಡಿದುಕೊಂಡು ಬಂದ. ಬಿಳೀ ಬೂಟು, ಹಲ್ಲು ಅದಕ್ಕಿಂತ ಬಿಳಿ.

"ಮನಸ್ಸಿಗೆ ಹಚ್ಕೋಬೇಡಿ ಆರ್ನಲ್ಡ್. ಇದು ಬರೀ ವ್ಯವಹಾರ."

ನನ್ನನ್ನು ಹೆಸರು ಹಿಡಿದು ಕರೆಯಲು ಇವನಿಗೆ ಅಪ್ಪಣೆ ಕೊಟ್ಟವರು ಯಾರು? ಗೋಡೆಯಾಚೆ ಹತ್ತು ವರ್ಷ ಇದ್ದವಳೇ ಇನ್ನೂ ಸಟ್‌ಕ್ಲಿಫ್ ಅವ್ರೇ ಅನ್ನುತ್ತಾಳೆ. "ಅಳತೆ ಮಾಡ್ಕೊಳ್ಳಪ್ಪ, ಕೋರ್ಟಿನಲ್ಲಿ ಬೇಕಾಗುತ್ತೆ" ಎಂದೆ. ಮುಖ ಸಪ್ಪಗಾಯಿತು. ನಮ್ಮಿಬ್ಬರ ನಡುವಿನ ಗೋಡೆ ಬಡಿದು ನೋಡಿ, "ಇದನ್ನೇ ಮೊದಲು ತೆಗೀಬೇಕು, ದೊಡ್ಡ ಹಾಲ್ ಆಗುತ್ತೆ" ಎಂದ.

ಅವನು ಬಡಿದದ್ದಕ್ಕೆ ಆ ಕಡೆಯಿಂದ ಲಟ್ಟಣಿಗೆ ಉತ್ತರ ಕೊಟ್ಟಿತು. ಬೆಚ್ಚಿಬಿದ್ದ. ಎಷ್ಟೋ ದಿನದ ಮೇಲೆ ನಗು ಬಂತು.

೬ ಜೂನ್, ಗುರುವಾರ

ಕೋರ್ಟಿಗೆ ಕೊಡುವ ಹೇಳಿಕೆ ಬರೆದೆ. ಹನ್ನೊಂದು ಪುಟ. ಮಿಸೆಸ್ ಪ್ರೋಬರ್ಟ್ ಮೊಳೆ ಕೊಳ್ಳಲು ಬಂದವಳು ಕೌಂಟರಿನ ಮೇಲಿದ್ದುದನ್ನು ಎತ್ತಿಕೊಂಡು ಓದತೊಡಗಿದಳು. ಕೇಳಲಿಲ್ಲ, ಮಾಡಲಿಲ್ಲ. ಅವಳು ಗಿರಾಕಿಯಾಗಿ ನನ್ನ ಅಂಗಡಿಯೊಳಗೆ ಕಾಲಿಟ್ಟದ್ದು ಇದೇ ಮೊದಲಿರಬೇಕು.

"ಇದರಲ್ಲಿ ಆರು ಪುಟ ಹಾಲ್ಡ್‌ಸ್ವರ್ತ್ ಬೂಟಿನ ಮೇಲೇ ಇದೆ."

"ಅವನ ಸ್ವಭಾವ ಗೊತ್ತಾಗಲಿ ಅಂತ."

"ನ್ಯಾಯಾಧೀಶರೂ ಬೂಟು ಹಾಕ್ಕೊಂಡಿರ್ತಾರೆ, ನೆನಪಿರಲಿ. ಕೊಡಿ ಇಲ್ಲಿ ಪೆನ್ಸಿಲ್ಲು."

ಹನ್ನೊಂದು ಪುಟ ನಾಲ್ಕಾಯಿತು. ನಾಲ್ಕೇ ಚೆನ್ನಾಗಿದೆ, ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ. ನಿಮ್ಮದು ಏನು ಮಾಡ್ತೀರಿ ಎಂದು ಕೇಳಿದೆ. ಮಿಲ್‌ಬರೋ ಊರಿನ ಮಾರುಕಟ್ಟೆಯೊಳಗೆ ಒಂದು ಮಳಿಗೆ ನೋಡಿದ್ದಾಳಂತೆ. ಬಸ್ಸಿನಲ್ಲಿ ನಲವತ್ತು ನಿಮಿಷ. ಅಲ್ಲೂ ವರ್ಷದ ಕರಾರು, ಅದಕ್ಕೂ ರಕ್ಷಣೆ ಇಲ್ಲ.

"ಮತ್ತೆ ಅದೇ ತಪ್ಪಾ?" ಎಂದೆ.

"ಅಲ್ಲಿ ಚಾವಣಿ ಸೋರಲ್ಲ, ಪಕ್ಕದಲ್ಲಿ ಕೀ ಕೊರೆಯೋರೂ ಇಲ್ಲ" ಎಂದಳು.

ಸರಿ, ಅವಳಿಷ್ಟ. ಮೊಳೆ ಕೊಳ್ಳುವುದನ್ನು ಮರೆತು ಹೋದಳು. ಸಂಜೆ ತಟ್ಟೆಯ ಜೊತೆ ನಾನೇ ಅವಳ ಡಬ್ಬಿಯ ಮೇಲಿಟ್ಟು ಬಂದೆ.

೧೮ ಜುಲೈ, ಗುರುವಾರ

ಅರ್ಜಿ ಕೋರ್ಟಿಗೆ ಹೋಯಿತು. ಇನ್ನು ತೀರ್ಪು ಬರುವವರೆಗೆ ನನ್ನನ್ನು ಯಾರೂ ಅಲ್ಲಾಡಿಸುವಂತಿಲ್ಲ. ಬಿಲ್ಲೆ ನಾಲ್ಕು ಇದ್ದವು. ಅವಳಿಗೆ ವ್ಯಾಪಾರ ಕಮ್ಮಿಯಾಗಿ ಜಾಸ್ತಿ ಉಳಿಯುತ್ತಿರಬೇಕು, ಪಾಪ.

೨೭ ಆಗಸ್ಟ್, ಮಂಗಳವಾರ

ಮಿಸೆಸ್ ಪ್ರೋಬರ್ಟ್ ಒಳಗಿನ ದೊಡ್ಡ ತಿಂಡಿ ಬೋರ್ಡು ಬಿಚ್ಚಿಕೊಡಿ ಎಂದಳು. ಸ್ಕ್ರೂಗಳೆಲ್ಲ ತುಕ್ಕು. ಬಿಚ್ಚುತ್ತ ಬೋರ್ಡು ಓದಿದೆ, ಕಣ್ಣೆದುರಿಗೇ ಇತ್ತಲ್ಲ. ಸ್ಕೋನು, ಶುಂಠಿ ಕೇಕು, ಮೊಟ್ಟೆ ಸ್ಯಾಂಡ್‌ವಿಚ್ಚು, ಚಹಾ ಎರಡು ಬಗೆ. ವೇಲ್ಸ್ ಬಿಲ್ಲೆ ಇಲ್ಲವೇ ಇಲ್ಲ. ಜಾಗ ಸಾಲದೆ ಬಿಟ್ಟಿರಬೇಕು. ವ್ಯಾಪಾರ ಗೊತ್ತಿಲ್ಲದ ಹೆಂಗಸು, ಇದ್ದುದರಲ್ಲಿ ಒಳ್ಳೆಯದನ್ನೇ ಬೋರ್ಡಿಗೆ ಹಾಕಿಲ್ಲ.

ಬೋರ್ಡು ಇದ್ದ ಜಾಗದ ಪಕ್ಕದಲ್ಲಿ ಗೋಡೆ ಪೂರ್ತಿ ಗುಳಿ ಗುಳಿ. ಹತ್ತು ವರ್ಷದ ಲಟ್ಟಣಿಗೆ ಏಟು ಅದು. ಸುಣ್ಣ ಹಚ್ಚಿಕೊಡಲಾ ಎಂದೆ. "ಬಿಡಿ, ಹೇಗೂ ಒಡೀತಾರೆ" ಎಂದಳು. ಊಟ ರುಚಿಸಲಿಲ್ಲ. ಬಿಸಿಲಿಗಿರಬೇಕು.

೨೮ ಸೆಪ್ಟೆಂಬರ್, ಶನಿವಾರ

ನಾಳೆ ಮೈಕೆಲ್‌ಮಸ್ ಹಬ್ಬ, ಬಾಡಿಗೆಯ ಲೆಕ್ಕ ತೀರಿಸುವ ಹಳೆಯ ದಿನ. ಅವಳ ಬಾಡಿಗೆ ಇವತ್ತಿಗೆ ಕೊನೆ. ನಾನು ಏನೇನೋ ಅಂದುಕೊಂಡಿದ್ದೆ. ಯಾರಾದರೂ ಬರುತ್ತಾರೆ, ಏನಾದರೂ ಸಹಿ, ಕೊನೇಪಕ್ಷ ಕ್ರಿಸ್ಪಿನ್ನನ ಬಿಳೀ ಹಲ್ಲು. ಏನೂ ಇಲ್ಲ. ಮಧ್ಯಾಹ್ನ ಮೂರಕ್ಕೆ ವ್ಯಾನು ಬಂತು. ಕಪ್ಪು ಬಸಿ, ಕಾವಲಿ, ಮೇಜುಗಳು ಹೋದವು. ಕೊನೆಗೆ ಒಂದು ಮರದ ಕುರ್ಚಿ ಉಳಿಯಿತು. ಅದನ್ನು ನಾನೇ ಎತ್ತಿ ವ್ಯಾನಿಗೆ ಹಾಕಿದೆ, ಮಂಡಿ ನೋವಿದ್ದರೂ.

ಕೀಲಿಕೈ ನನ್ನ ಕೈಗಿಟ್ಟಳು. "ಸೋಮವಾರ ಹಾಲ್ಡ್‌ಸ್ವರ್ತ್‌ಗೆ ಕೊಟ್ಬಿಡಿ. ನೀವೇ ಕೊರೆದು ಕೊಟ್ಟಿದ್ದು."

"ಸ್ವಲ್ಪ ದಿನ ಇದ್ದು ನೋಡ್ಬಹುದಾಗಿತ್ತು. ಅವನು ಏನು ಪೊಲೀಸ್ ಕರೀತಿದ್ನಾ?"

"ಪ್ರಮಾಣ ಮಾಡಿದ್ದೀನಲ್ರೀ. ಹೋಗ್ತೀನಿ ಅಂದಮೇಲೆ ಹೋಗ್ಬೇಕು." ಆಮೇಲೆ, "ನಿಮ್ಮ ಮಂಡಿಗೆ ಎಣ್ಣೆ ಹಚ್ಚಿ. ತೇವದ ಗೋಡೆಗೆ ಬೆನ್ನು ಕೊಟ್ಟು ಕೂತ್ಕೋಬೇಡಿ" ಎಂದಳು.

ಕೈ ಕುಲುಕಿದೆವು. ಹತ್ತು ವರ್ಷದಲ್ಲಿ ಮೊದಲ ಸಲ. ವ್ಯಾನು ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದೆ, ಗಿರಾಕಿ ಬರುತ್ತಾನೇನೋ ಎಂದು.

೩೦ ಸೆಪ್ಟೆಂಬರ್, ಸೋಮವಾರ

ಕೀಲಿಕೈ ಕ್ರಿಸ್ಪಿನ್ನನಿಗೆ ಕೊಟ್ಟೆ. ಮಷೀನು ಹಾಕಿದೆ. ಎಷ್ಟು ಹೊತ್ತು ಬೇಕಾದರೂ ಹಾಕಬಹುದು ಈಗ. ಒಳ್ಳೆಯದೇ ಆಯಿತು.

ಡಬ್ಬಿಯ ಮೇಲೆ ನೀರು ನಿಂತಿತ್ತು.

೩ ಅಕ್ಟೋಬರ್, ಗುರುವಾರ

ಅಯ್ಯೋ ದೇವರೇ.

ಹಳೆಯ ದಿನಚರಿಗಳಲ್ಲಿ ಅಂಗಡಿ ವಿಷಯ ಇರುವ ಪುಟ ಹುಡುಕಿಕೊಡಿ, ಸಾಕ್ಷಿಗೆ ಬೇಕು ಎಂದು ಮಿಸ್ ಹೆಪ್‌ವರ್ತ್ ಹೇಳಿದ್ದಳು. ೨೦೧೪ರ ಪುಸ್ತಕ ತೆಗೆದೆ. ನನ್ನದೇ ಕೈಬರಹ:

"೨೩ ಸೆಪ್ಟೆಂಬರ್, ಮಂಗಳವಾರ. ಎಡ್ಗರ್ ಪಕ್ಕದ ಅಂಗಡಿಗೆ ವೇಲ್ಸಿನ ಹೆಂಗಸೊಬ್ಬಳನ್ನು ತಂದಿದ್ದಾನೆ. ಚಹಾ ಕುಡಿಯುತ್ತ ಕರಾರಿಗೆ ಇಬ್ಬರೂ ಸಹಿ ಹಾಕಿದರು, ತಾರೀಖೂ ಹಾಕಿದರು. ಸಾಕ್ಷಿ ನಾನು. ವಕೀಲರ ಪ್ರಮಾಣ ಗಿಮಾಣ ಶುಕ್ರವಾರ ಮಾಡಿಸ್ತೀನಿ ಬಿಡು ಎಂದ ಎಡ್ಗರ್. ಬಿಲ್ಲೆ ಕೊಟ್ಟಳು. ಪರವಾಗಿಲ್ಲ."

ಮಿಸ್ ಹೆಪ್‌ವರ್ತ್‌ಗೆ ಫೋನು ಮಾಡಿದೆ. ತಾರೀಖನ್ನು ಮತ್ತೊಮ್ಮೆ ಓದಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. ರಕ್ಷಣೆ ಬೇಡವೆಂಬ ಪ್ರಮಾಣ ಕರಾರಿಗಿಂತ ಮೊದಲು ಆಗಬೇಕು. ಕರಾರು ಮಂಗಳವಾರ, ಪ್ರಮಾಣ ಶುಕ್ರವಾರ ಆದರೆ ಆ ಪ್ರಮಾಣ ನೀರಿನಲ್ಲಿ ಹೋಮ. ಅಂದರೆ ಹತ್ತು ವರ್ಷವೂ ಅವಳಿಗೆ ರಕ್ಷಣೆ ಇತ್ತು. ನನಗೆ ಇದ್ದಷ್ಟೇ ಇತ್ತು.

"ಹಾಗಾದ್ರೆ ವಾಪಸು ಕರ್ಕೊಂಡು ಬರ್ಬಹುದಾ?"

"ಇಲ್ಲ ಸರ್. ಅವಧಿ ಮುಗಿಯೋ ದಿನ ಬಾಡಿಗೆದಾರರು ಅಲ್ಲಿ ವ್ಯಾಪಾರ ಮಾಡ್ತಾ ಇದ್ರೆ ಮಾತ್ರ ರಕ್ಷಣೆ. ತಾವಾಗಿ ಖಾಲಿ ಮಾಡಿ ಹೋದ್ರೆ ಅಲ್ಲಿಗೆ ಮುಗೀತು. ಆ ಶನಿವಾರ ಅವರು ಮೇಜು ಕುರ್ಚಿ ಇಟ್ಟು ಅಂಗಡಿ ತೆರೆದಿದ್ದಿದ್ರೆ..."

ಕುರ್ಚಿ ಎತ್ತಿ ವ್ಯಾನಿಗೆ ಹಾಕಿದವನು ನಾನು. ಸಾಕ್ಷಿ ಸಹಿ ಹಾಕಿದವನು ನಾನು. ಬರೆದಿಟ್ಟವನು ನಾನು. ಹತ್ತು ವರ್ಷ ಅವಳ ಮುಂದೆ ಮೀಸೆ ತಿರುವಿದವನೂ ನಾನೇ. ನಾಚಿಕೆಯಾಗುತ್ತದೆ.

೪ ಅಕ್ಟೋಬರ್, ಶುಕ್ರವಾರ

ಅಂಗಡಿ ಮುಚ್ಚಿ ಮಿಲ್‌ಬರೋಗೆ ಹೋದೆ. ಶುಕ್ರವಾರ ಮುಚ್ಚಿದ್ದು ಎಡ್ಗರ್ ಮಣ್ಣಿಗೆ ಹೋದ ದಿನ ಬಿಟ್ಟರೆ ಇದೇ ಮೊದಲು. ಮಾರುಕಟ್ಟೆಯಲ್ಲಿ ಒಂದು ಕಡೆ ಮೀನು, ಒಂದು ಕಡೆ ಪರದೆ ಬಟ್ಟೆ, ನಡುವೆ ಅವಳ ಮಳಿಗೆ. ದಿನಚರಿಯ ಪುಟ ಮುಂದಿಟ್ಟು ಎಲ್ಲ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಹಗುರವಾಗುತ್ತಿತ್ತು.

ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "'ಪರವಾಗಿಲ್ಲ' ಅಂತ ಬರೆದಿದ್ದೀರಾ? ಅವತ್ತು ಮೂರು ತಿಂದ್ರಿ."

"ನಾನು ಹೇಳ್ತಿರೋದು ಕರಾರಿನ ವಿಷಯ, ಮಿಸೆಸ್ ಪ್ರೋಬರ್ಟ್! ನಿಮಗೆ ಹಕ್ಕಿತ್ತು!"

"ಗೊತ್ತಿದ್ರೂ ಹೋಗ್ತಿದ್ದೆ ಬಿಡಿ. ಮಾತು ಕೊಟ್ಟಿದ್ದು ಶುಕ್ರವಾರವೋ ಮಂಗಳವಾರವೋ, ಕೊಟ್ಟಿದ್ದು ನಾನೇ ಅಲ್ವಾ?" ಆಮೇಲೆ ಕಾವಲಿ ಒರೆಸುತ್ತ, "ಆದ್ರೂ ಒಂದು ತಿಂಗಳು ಮುಂಚೆ ಬಂದು ಹೇಳಿದ್ರೆ ಯೋಚನೆ ಮಾಡ್ತಿದ್ನೋ ಏನೋ" ಎಂದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಕೊನೆಯ ಮಾತೇ.

೨೩ ಅಕ್ಟೋಬರ್, ಬುಧವಾರ

ಬುಧವಾರ ಮಧ್ಯಾಹ್ನ ಅಂಗಡಿ ಮುಚ್ಚುವುದು ಈ ಊರಿನ ಹಳೆಯ ಪದ್ಧತಿ, ಈಗ ಪಾಲಿಸುವವನು ನಾನೊಬ್ಬನೇ. ಡಿಲಿಸ್ ಪ್ರೋಬರ್ಟ್‌ಳ ಮಳಿಗೆಯ ಬೀಗ ಸರಿಯಿಲ್ಲ. ಹೋಗಿ ಬದಲಾಯಿಸಿಕೊಟ್ಟೆ.

೬ ನವೆಂಬರ್, ಬುಧವಾರ

ಷಟರ್ ಕಿರುಗುಟ್ಟುತ್ತಿತ್ತು. ಎಣ್ಣೆ ಬಿಟ್ಟೆ.

೧೩ ನವೆಂಬರ್, ಬುಧವಾರ

ಷಟರ್ ಈಗ ಬೇಗ ಜಾರುತ್ತದೆ. ಎಣ್ಣೆ ಜಾಸ್ತಿಯಾಗಿತ್ತು. ಒರೆಸಿ ಬಂದೆ.

೧೫ ಜನವರಿ ೨೦೨೫, ಬುಧವಾರ

ಹಿಮ. ಬಸ್ಸು ಇಲ್ಲ. ದಿನವಿಡೀ ಕೆಲಸ ಮಾಡಲು ಮನಸ್ಸೇ ಬರಲಿಲ್ಲ. ಪಕ್ಕದ ಅಂಗಡಿಯ ಗಾಜಿಗೆ ಕ್ರಿಸ್ಪಿನ್ ಅಂಟಿಸಿದ್ದ ಪೇಪರು ಕಿತ್ತು ಬಂದಿದೆ. ಒಳಗೆ ಒಬ್ಬನೂ ಕೆಲಸದವನಿಲ್ಲ, ಒಂದು ಇಟ್ಟಿಗೆಯೂ ಅಲ್ಲಾಡಿಲ್ಲ. ನನ್ನ ಅಂಗಡಿ ಸೇರದೆ ಅವನ ನಕ್ಷೆ ಪೂರ್ತಿಯಾಗುವುದಿಲ್ಲವಂತೆ. ಹಾಗಾದರೆ ಡಿಲಿಸ್‌ಳನ್ನು ಯಾವ ಸುಖಕ್ಕೆ ಕಳಿಸಿದ?

೧೩ ಮೇ, ಮಂಗಳವಾರ

ಗೆದ್ದೆ!

ನ್ಯಾಯಾಧೀಶೆ ಕ್ರಿಸ್ಪಿನ್ನನ ಕಡೆಯವರನ್ನು ಕೇಳಿದ್ದು ಒಂದೇ: ಕಟ್ಟುವ ಪರವಾನಗಿ ಎಲ್ಲಿ? ಬರುತ್ತೆ ಅಂದರು. ಯಾವಾಗ? ಬರೋ ಸೂಚನೆ ಇದೆ ಅಂದರು. ಸೂಚನೆಯಿಂದ ಗೋಡೆ ಒಡೆಯೋಕಾಗಲ್ಲ ಎಂದರು ಆಕೆ. ನನಗೆ ಹತ್ತು ವರ್ಷದ ಹೊಸ ಕರಾರು ಕೊಡಬೇಕೆಂದು ಆದೇಶ. ರಕ್ಷಣೆ ಸಮೇತ. ನನ್ನ ಹೇಳಿಕೆ ಚೊಕ್ಕವಾಗಿದೆ ಎಂದು ಬೇರೆ ಹೊಗಳಿದರು. ನಾಲ್ಕು ಪುಟ.

ಕ್ರಿಸ್ಪಿನ್ ಹೊರಗೆ ಕೈ ಚಾಚಿ, "ಮನಸ್ಸಿಗೆ ಹಚ್ಕೊಂಡಿಲ್ಲ ತಾನೆ ಆರ್ನಲ್ಡ್?" ಎಂದ. ಅವನ ಬೂಟು ಕೆಸರಾಗಿತ್ತು. ನೋಡಿದ್ದರೆ ಡಿಲಿಸ್ ಬಿದ್ದು ಬಿದ್ದು ನಗುತ್ತಿದ್ದಳು.

ಅಂಗಡಿಗೆ ಬಂದು ಮಷೀನು ಹಾಕಿದೆ, ಖುಷಿಗೆ. ಜೋರಾಗಿ ಹಾಕಿದೆ. ಎರಡು ಕೀಲಿಕೈ, ಮೂರು, ನಾಲ್ಕು. ಆಮೇಲೆ ನಿಲ್ಲಿಸಿದೆ.

೧೬ ಮೇ, ಶುಕ್ರವಾರ

ಹತ್ತು ವರ್ಷ. ಮುಗಿಯುವಾಗ ನನಗೆ ಎಪ್ಪತ್ತೇಳು. ತೇವ ಹೆಚ್ಚಾಗಿದೆ. ಗಿರಾಕಿ ಇಬ್ಬರು, ಒಬ್ಬ ವಿಳಾಸ ಕೇಳಲು ಬಂದವನು.

ಗೆದ್ದಮೇಲೆ ಹೀಗೆಯೇ ಇರುತ್ತದಾ ಎಂದು ಮಿಸ್ ಹೆಪ್‌ವರ್ತ್‌ಳನ್ನು ಕೇಳಿದೆ. ಅವಳು ತಪ್ಪು ತಿಳಿದುಕೊಂಡು ಕಾನೂನು ಹೇಳಿದಳು: "ಬೇಡ ಅನ್ನಿಸಿದ್ರೆ ಹದಿನಾಲ್ಕು ದಿನದೊಳಗೆ ಕೋರ್ಟಿಗೆ ಅರ್ಜಿ ಹಾಕಿ ಆದೇಶ ರದ್ದು ಮಾಡಿಸ್ಕೊಬಹುದು ಸರ್. ಬಾಡಿಗೆದಾರನಿಗೆ ಆ ಹಕ್ಕಿದೆ. ಆದರೆ ಯಾರೂ ಮಾಡಿದ್ದು ನಾನು ನೋಡಿಲ್ಲ."

ಯಾವ ಹುಚ್ಚ ಮಾಡುತ್ತಾನೆ?

೨೧ ಮೇ, ಬುಧವಾರ

ಮಿಲ್‌ಬರೋಗೆ ಹೋಗಿ ಗೆದ್ದ ಸುದ್ದಿ ಹೇಳಿದೆ.

"ಹತ್ತು ವರ್ಷ! ಗಟ್ಟಿ ಕುಳ ನೀವು" ಎಂದು ಡಿಲಿಸ್ ಕೈ ಒರೆಸಿಕೊಂಡು ಚಹಾ ಕೊಟ್ಟಳು. ಆಮೇಲೆ ಬೆನ್ನು ತಿರುಗಿಸಿ ಕಪ್ಪು ತೊಳೆದಳು. ಎಷ್ಟು ಹೊತ್ತು ತೊಳೆದಳು ಎಂದರೆ, ಒಂದೇ ಕಪ್ಪು.

ಪರದೆ ಬಟ್ಟೆಯವನು ಮಳಿಗೆ ಬಿಟ್ಟು ಹೋಗಿದ್ದಾನೆ. ಅವಳ ಪಕ್ಕದ್ದು. ನಡುವೆ ಇಟ್ಟಿಗೆ ಗೋಡೆಯಲ್ಲ, ಮರದ ಹಲಗೆ. ಅದೂ ಎದೆಮಟ್ಟ. ಯಾರು ತಗೊಳ್ತಾರಂತೆ ಎಂದು ಕೇಳಿದೆ.

"ಸಾಕುಪ್ರಾಣಿ ಅಂಗಡಿಯವನೊಬ್ಬ ಬಂದು ನೋಡಿದ. ಗಿಳಿ ಇಡ್ತಾನಂತೆ."

"ಗಿಳಿ ಸದ್ದು ತಡ್ಕೊಳ್ತೀರಾ?"

"ಅಭ್ಯಾಸ ಇದೆ" ಎಂದಳು.

ಚಾವಣಿ ನೋಡಿದೆ. ನಿಜಕ್ಕೂ ಸೋರುವುದಿಲ್ಲ. ಮಂಡಿಗೆ ಒಣ ಜಾಗ ಒಳ್ಳೆಯದು ಎಂದು ವೈದ್ಯರು ಎಂದೋ ಹೇಳಿದ್ದರು.

೨೬ ಮೇ, ಸೋಮವಾರ

ಸರ್ಕಾರಿ ರಜೆ. ಕೋರ್ಟು ಮುಚ್ಚಿದೆ. ನಾಳೆ ಹದಿನಾಲ್ಕನೇ ದಿನ. ಗಿಳಿಗೆ ಗಂಟಲು ಎಷ್ಟು ದೊಡ್ಡದು ಎಂದು ಪುಸ್ತಕದಲ್ಲಿ ನೋಡಿದೆ. ತುಂಬ ದೊಡ್ಡದು. ಅವಳ ಗಿರಾಕಿಗಳು ಹವೆಯ ಮಾತಾಡುವುದು ಹೇಗೆ?

೨೭ ಮೇ, ಮಂಗಳವಾರ

ಬೆಳಿಗ್ಗೆ ಒಂಬತ್ತಕ್ಕೇ ಮಿಸ್ ಹೆಪ್‌ವರ್ತ್ ಕಚೇರಿಯ ಬಾಗಿಲಲ್ಲಿ ನಿಂತಿದ್ದೆ. ಅರ್ಜಿ ಹೋಯಿತು. "ಸರ್, ನೀವು ಗೆದ್ದಿದ್ದೀರಿ, ಅರ್ಥ ಆಗ್ತಿದೆಯಾ?" ಎಂದು ಮೂರು ಸಲ ಕೇಳಿದಳು. ಮಂಡಿ, ತೇವ, ವಯಸ್ಸು ಎಂದೆ. ಅವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. "ಯಾವ ಊರಿಗೆ ಹೋಗ್ತಿದ್ದೀರಿ?" ಹೇಳಿದೆ. "ಓ" ಎಂದಳು. ಆ "ಓ"ಗೆ ಏನರ್ಥವೋ, ಈಗಿನ ಹುಡುಗಿಯರು.

ಗಿಳಿಯವನಿಗಿಂತ ಅರ್ಧ ಗಂಟೆ ಮುಂಚೆ ಮಿಲ್‌ಬರೋ ಮಾರುಕಟ್ಟೆ ಕಚೇರಿಗೆ ಫೋನು ಮಾಡಿದ್ದೆ. ಅವನು ಜಗಳಕ್ಕೆ ಬಂದನಂತೆ. ಬರಲಿ, ನನಗೇನು ಕೋರ್ಟು ಹೊಸದೇ?

೨೪ ಜೂನ್, ಮಂಗಳವಾರ

ಹದಿನಾಲ್ಕನೇ ನಂಬರಿನ ಕೀಲಿಕೈ ಕ್ರಿಸ್ಪಿನ್ನನ ಕೈಗಿಟ್ಟೆ. ಅವನಿಗೆ ಇನ್ನೂ ಪರವಾನಗಿ ಬಂದಿಲ್ಲ. ಎರಡೂ ಅಂಗಡಿ ಖಾಲಿ ಸಿಕ್ಕಿದ್ದಕ್ಕೆ ಹಲ್ಲು ಕಿರಿಯಬೇಕೋ ಬೇಡವೋ ತಿಳಿಯದೆ ನಿಂತಿದ್ದ.

ಮಿಲ್‌ಬರೋದಲ್ಲಿ ವಕೀಲರ ಮುಂದೆ ಪ್ರಮಾಣ ಮಾಡಿದೆ. ನನಗೆ ಕಾನೂನಿನ ಯಾವ ರಕ್ಷಣೆಯೂ ಇಲ್ಲವೆಂದು ಬಲ್ಲೆ, ಎಚ್ಚರಿಕೆ ಓದಿದ್ದೇನೆ, ಮುಂದಾಗುವುದನ್ನು ಒಪ್ಪಿಕೊಳ್ಳುತ್ತೇನೆ ಎಂದು. ಗಟ್ಟಿಯಾಗಿ ಓದಿದೆ. ವಕೀಲರು, "ಅರ್ಥ ಮಾಡ್ಕೊಂಡೇ ಹೇಳ್ತಿದ್ದೀರಲ್ವಾ?" ಎಂದರು. ಹೌದು ಎಂದೆ. ಇಷ್ಟು ಅರ್ಥ ಮಾಡಿಕೊಂಡು ನಾನು ಏನನ್ನೂ ಹೇಳಿರಲಿಕ್ಕಿಲ್ಲ. ಮೊದಲು ಪ್ರಮಾಣ, ಆಮೇಲೆ ಕರಾರು, ತಾರೀಖು ನಾನೇ ಎರಡು ಸಲ ನೋಡಿದೆ. ಈ ಸಲ ತಪ್ಪಾಗಕೂಡದು. ಒಂದು ವರ್ಷದ ಕರಾರು. ಸಾಕ್ಷಿ ಸಹಿ ಡಿಲಿಸ್‌ಳದು.

ಮಷೀನು ಇಟ್ಟು ಒಂದು ಕೀಲಿಕೈ ಕೊರೆದೆ. ಹಲಗೆಗೆ ಧಡ್ ಧಡ್. ಡಬ್ಬಿಯಲ್ಲಿದ್ದ ಮೊಳೆಗಳೆಲ್ಲ ಕುಣಿದವು.

ನಾಲ್ಕು ಗಂಟೆಗೆ ಹಲಗೆಯ ಮೇಲಿಂದ ತಟ್ಟೆ ಇಳಿಯಿತು. ಬಿಲ್ಲೆ ಬಿಸಿಯಾಗಿತ್ತು, ಬೆರಳು ಸುಟ್ಟಿತು.

"ಉಳಿದದ್ದು ಇಷ್ಟು ಬಿಸಿ ಹೇಗಿರುತ್ತೆ?" ಎಂದೆ.

"ಉಳಿದದ್ದು ಅಂತ ಯಾರು ಹೇಳಿದ್ರು ನಿಮಗೆ?"

"ಮತ್ತೆ ಬೋರ್ಡಿನಲ್ಲಿ ಯಾಕೆ ಹಾಕಿಲ್ಲ? ಹತ್ತು ವರ್ಷ ಮಾಡಿದ್ದೀರಿ."

"ಮಾರೋಕೆ ಮಾಡಿದ್ರೆ ತಾನೆ ಬೋರ್ಡಿಗೆ ಹಾಕೋದು, ಆರ್ನಲ್ಡ್?" ಎಂದು ಕಾವಲಿಯ ಕಡೆ ತಿರುಗಿದಳು.

ಎಷ್ಟೋ ಹೊತ್ತು ತಟ್ಟೆ ಹಿಡಿದುಕೊಂಡೇ ನಿಂತಿದ್ದೆನಂತೆ. ಮೀನಿನವನು ಹೇಳಿದ.

ಹಳೆಯ ದಿನಚರಿಗಳನ್ನೆಲ್ಲ ತೆಗೆದು "ಉಳಿದ ಬಿಲ್ಲೆ" ಎಂದು ಬರೆದ ಕಡೆಯೆಲ್ಲ ಮೊದಲ ಪದ ಹೊಡೆದುಹಾಕಬೇಕು. ಹತ್ತು ವರ್ಷದ ತಪ್ಪು, ಒಂದೆರಡು ದಿನದಲ್ಲಿ ಮುಗಿಯುವುದಲ್ಲ. ಕರಾರು ಇರುವುದು ಒಂದೇ ವರ್ಷ. ನಾಳೆಯೇ ಶುರು ಮಾಡುತ್ತೇನೆ.